ಫೋರ್ಕ್ ತಜ್ಞರು

ಬಾಗಿಲಿಗೊಂದು ಬೋರ್ಡು ಬೇಕೆಂಬ ಆಸೆ ಮನುಷ್ಯನಿಗೆ ಯಾವ ವಯಸ್ಸಿನಲ್ಲಿ ಬೇಕಾದರೂ ಹುಟ್ಟಬಹುದು. ಕೆಲವರಿಗೆ ಪರೀಕ್ಷೆ ಪಾಸಾದ ಕೂಡಲೇ ಹುಟ್ಟುತ್ತದೆ, ಕೆಲವರಿಗೆ ಮದುವೆಯಾದ ಮೇಲೆ. ಮೂರನೇ ಮಹಡಿಯ ಕೊನೆಯ ಮನೆಯವರಿಗೆ ತಲೆಗೂದಲು ಮುಕ್ಕಾಲು ಪಾಲು ನೆರೆತ ಮೇಲೆ ಹುಟ್ಟಿತು.

ಕಾರಣವಿಲ್ಲದೆ ಹುಟ್ಟಿದ್ದಲ್ಲ. ಪ್ರಾಯವನ್ನೆಲ್ಲ ಗೋಡೌನಿನಲ್ಲಿ ಮೂಟೆ ಹೊತ್ತು ಸವೆಸಿ, ಬೆನ್ನು ಬಿಲ್ಲಾದ ಮೇಲೆ, ಕಂಪನಿಯವರು ಅವರನ್ನು ಫೋರ್ಕ್‌ಲಿಫ್ಟ್ ನಡೆಸುವ ತರಬೇತಿಗೆ ಕಳಿಸಿದ್ದರು. ಎರಡು ಕಬ್ಬಿಣದ ಕೈಗಳನ್ನು ಸರಕಿನ ಅಡಿಗೆ ತೂರಿಸಿ, ಆನೆ ದಿಮ್ಮಿ ಎತ್ತಿದಂತೆ ಎತ್ತಿ, ಚಾವಣಿಯವರೆಗೆ ಪೇರಿಸುವ ಗಾಡಿ ಅದು. ಗೋಡೌನಿನಲ್ಲಿ ಅಷ್ಟುದ್ದದ ಹೆಸರು ಹೇಳಲು ಯಾರಿಗೂ ಪುರುಸೊತ್ತಿಲ್ಲ, ಫೋರ್ಕ್ ಅಂದರೆ ಸಾಕು. ತರಬೇತಿ ಮುಗಿದು ಆ ಗಾಡಿಯ ಸೀಟಿನ ಮೇಲೆ ಮೊದಲ ಸಲ ಕುಳಿತ ದಿನ ಅವರು ಮನೆಗೆ ಬಂದು, ಈ ಸಂಗತಿಯನ್ನು ಯಾರಿಗೆ ಹೇಳುವುದೆಂದು ಸುತ್ತ ನೋಡಿದರು. ಮನೆಯಲ್ಲಿ ಒಂದು ಕುರ್ಚಿ, ಒಂದು ಕಪ್ಪು, ಒಂದು ಗೋಡೆ ಗಡಿಯಾರ ಇದ್ದವು. ಗಡಿಯಾರಕ್ಕೆ ಹೇಳಿ ಪ್ರಯೋಜನವಿಲ್ಲವೆಂದು ದೂರದ ಊರಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದರು. ಸಂಬಳ ಜಾಸ್ತಿಯಾಯಿತೇ ಎಂದು ಅಕ್ಕ ಕೇಳಿದಳು. ಇಲ್ಲವೆಂದರು. ಹಾಗಾದರೆ ಬಂದ ಭಾಗ್ಯವೇನು ಎಂದು ಕೇಳಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಫೋನ್ ಇಟ್ಟುಬಿಟ್ಟಳು.

ಆ ಕಟ್ಟಡದಲ್ಲಿ ಅವರು ನೆಲೆಸಿ ಯಾವ ಕಾಲವಾಗಿತ್ತೋ. ಆದರೆ ಅವರ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಅವರ ಮಾತೆತ್ತಿದರೆ 'ಮೂರನೇ ಮಹಡಿ ಕೊನೆ ಮನೆ' ಎನ್ನುತ್ತಿದ್ದರು, ಮನುಷ್ಯನಿಲ್ಲದೆ ಬರೀ ಮನೆಯೇ ಬಾಡಿಗೆ ಕಟ್ಟಿಕೊಂಡು ಇದ್ದಂತೆ. ಅವರ ಬಾಗಿಲು ತಟ್ಟುತ್ತಿದ್ದವರೆಂದರೆ ಕರೆಂಟ್ ಮೀಟರ್ ನೋಡುವವರು ಮತ್ತು ಮನೆ ತಪ್ಪಿ ಬಂದವರು. ಮನೆ ತಪ್ಪಿ ಬಂದವರಿಗೆ ಅವರು ಬಲು ವಿವರವಾಗಿ ದಾರಿ ಹೇಳುತ್ತಿದ್ದರು. ಕೇಳುವವರು ಅರ್ಧಕ್ಕೇ ಮೆಟ್ಟಿಲಿಳಿದಿರುತ್ತಿದ್ದರು.

ಹೀಗಿರುವಾಗ ಬೋರ್ಡ್ ಬರೆಯುವ ಪೇಂಟರ್ ಹತ್ತಿರ ಹೋಗಿ, 'ಫೋರ್ಕ್‌ಲಿಫ್ಟ್ ಚಾಲಕರು' ಎಂದು ಬರೆದು ಕೆಳಗೆ ತಮ್ಮ ಹೆಸರು ಹಾಕಿಕೊಡಲು ಹೇಳಿದರು. ಪೇಂಟರ್ ಅನುಭವಸ್ಥ. ಊರಿನ ಅರ್ಧದಷ್ಟು ಡಾಕ್ಟರುಗಳನ್ನೂ ವಕೀಲರನ್ನೂ ತಾನೇ ಬರೆದವನು. ಅವನು ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು, ಚಾಲಕರು ಅಂತ ಹಾಕಿದರೆ ಜನ ಟ್ಯಾಕ್ಸಿ ಬೇಕೆಂದು ಬಾಗಿಲು ಬಡಿಯುತ್ತಾರೆ, ತಜ್ಞರು ಅಂತ ಹಾಕೋಣ, ಬೋರ್ಡಿಗೂ ಒಂದು ತೂಕ ಬರುತ್ತದೆ ಎಂದ. ಆಮೇಲೆ ನಿಮ್ಮ ಕಟ್ಟಡದಲ್ಲಿ ಲಿಫ್ಟ್ ಉಂಟೋ ಎಂದು ಕೇಳಿದ. ಇಲ್ಲ, ಅದಕ್ಕಾಗಿ ಬಾಡಿಗೆದಾರರಿಗೂ ಮಾಲೀಕರಿಗೂ ವರ್ಷಗಟ್ಟಲೆಯಿಂದ ಜಗಳ ನಡೆದಿದೆ ಎಂದರು ಇವರು.

"ಮತ್ತೆ ಲಿಫ್ಟ್ ಅನ್ನೋ ಮಾತನ್ನ ಬಾಗಿಲ ಮೇಲೆ ಬರೆಸಿ ಯಾಕೆ ಮೈಮೇಲೆ ಎಳ್ಕೊಳ್ತೀರಿ," ಎಂದ ಪೇಂಟರ್. "ಫೋರ್ಕ್ ಅಂದ್ರೆ ಸಾಲ್ದಾ?"

ಗೋಡೌನಿನಲ್ಲಿ ಸಾಲುತ್ತಿತ್ತು. ಆದ್ದರಿಂದ ಇವರು ಸಾಲುತ್ತದೆ ಎಂದರು. ಪೇಂಟರನ ಅಕ್ಷರಗಳು ದಷ್ಟಪುಷ್ಟವಾಗಿದ್ದುದರಿಂದ 'ಫೋರ್ಕ್ ತಜ್ಞರು' ಎಂಬುದೇ ಹಲಗೆಯನ್ನೆಲ್ಲ ಆಕ್ರಮಿಸಿ, ಹೆಸರಿಗೆ ಮೂಲೆಯಲ್ಲಿ ಇರುವೆ ಸಾಲಿನಷ್ಟು ಜಾಗ ಉಳಿಯಿತು. ಅದನ್ನು ಕೊನೆಯವರೆಗೂ ಯಾರೂ ಓದಲಿಲ್ಲ.

ಬೋರ್ಡ್ ಹಾಕಿದ ಮಾರನೆಯ ದಿನವೇ ಬಾಗಿಲು ಸದ್ದಾಯಿತು. ಎದುರುಮನೆಯಾಕೆ ನಿಂತಿದ್ದಳು. ಆ ಕಟ್ಟಡದಲ್ಲಿ ಯಾರ ಮನೆಯಲ್ಲಿ ಪಾತ್ರೆ ಬಿದ್ದರೂ ಅದು ಹಿತ್ತಾಳೆಯದೋ ಸ್ಟೀಲಿನದೋ ಎಂದು ಸದ್ದಿನಲ್ಲೇ ಹೇಳಬಲ್ಲ ಹೆಂಗಸು. ಇಷ್ಟು ವರ್ಷವೂ ಇವರನ್ನು ಕಂಡರೆ ಗೋಡೆಯನ್ನು ಕಂಡಂತೆ ಹೋಗುತ್ತಿದ್ದವಳು ಇಂದು ನಗುತ್ತ, ಊಟದ ಮುಳ್ಳು ಚಮಚವೊಂದನ್ನು ಮುಂದೆ ಹಿಡಿದಳು. ನೆಂಟರು ಬಂದಾಗ ಇಡುವ ಫೋರ್ಕ್ ಅದು, ತಮ್ಮ ಯಜಮಾನರು ಅದರಲ್ಲಿ ಡಬ್ಬದ ಮುಚ್ಚಳ ಎಬ್ಬಿಸಲು ಹೋಗಿ ಒಂದು ಮುಳ್ಳು ಬಗ್ಗಿಸಿದರು, ಇಷ್ಟು ಹತ್ತಿರದಲ್ಲೇ ತಜ್ಞರಿರುವುದು ಗೊತ್ತೇ ಇರಲಿಲ್ಲ ಎಂದಳು.

ತಾನು ಆ ಫೋರ್ಕಿನವನಲ್ಲ ಎಂದು ಹೇಳುವುದಕ್ಕೆ ಅವರು ಬಾಯಿ ತೆರೆದದ್ದು ನಿಜ. ಆದರೆ ಅಷ್ಟರಲ್ಲಿ ಆಕೆ ಒಳಗೆ ಬಂದು ಇದ್ದ ಒಂದೇ ಕುರ್ಚಿಯಲ್ಲಿ ಕುಳಿತು, ಮನೆಯನ್ನು ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದೀರಿ ಎಂದಳು. ಆ ಮನೆಯ ಬಗ್ಗೆ ಯಾರೂ ಯಾವತ್ತೂ ಏನನ್ನೂ ಹೇಳಿರಲಿಲ್ಲ. ತಜ್ಞರು ಬಾಯಿ ಮುಚ್ಚಿ ಸುತ್ತಿಗೆ ತಂದರು. ಮೊದಲು ಒಂದು ಮುಳ್ಳು ಬಗ್ಗಿತ್ತು, ಅವರ ಚಿಕಿತ್ಸೆಯ ನಂತರ ನಾಲ್ಕೂ ಬಗ್ಗಿದವು. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, ನಾಲ್ಕೂ ಒಂದೇ ಕಡೆ ತಿರುಗಿರುವುದರಿಂದ ಇದು ಹೊಸ ಮಾದರಿ ಇರಬೇಕೆಂದು ತೀರ್ಮಾನಿಸಿ ಸಂತೋಷದಿಂದ ಹೋದಳು. ಸಂಜೆಯೊಳಗೆ ಕಟ್ಟಡಕ್ಕೆಲ್ಲ ಸುದ್ದಿಯಾಯಿತು.

ಆ ಬಳಿಕ ಅಂಚೆಯವರು ಬಂದರು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ, ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಸೊಟ್ಟಗಾಗಿದೆ ಎಂದರು. ಸೈಕಲ್ಲನ್ನು ಇಷ್ಟೆತ್ತರ ಹೊತ್ತು ತಂದ ಮನುಷ್ಯನಿಗೆ ಇಲ್ಲ ಅನ್ನುವುದು ಹೇಗೆ? ತಜ್ಞರು ಅದನ್ನು ಬಾಗಿಲ ಸಂದಿಗೆ ಸಿಕ್ಕಿಸಿ ತಮ್ಮ ಬಲವನ್ನೆಲ್ಲ ಹಾಕಿ ಎಳೆದರು. ಅಂದಿನಿಂದ ಆ ಸೈಕಲ್ಲು ಎಡಕ್ಕೆ ಸರಾಗವಾಗಿ ತಿರುಗುತ್ತಿತ್ತು, ಬಲಕ್ಕೆ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ. ಬಡಾವಣೆಯಲ್ಲಿ ಎಡಗಡೆಯ ಬೀದಿಗಳಿಗೆ ಕಾಗದ ಬೇಗ ಬರತೊಡಗಿತು. ಬಲಗಡೆಯವರು ಕಾಯುವುದನ್ನು ಕಲಿತರು. ಅಂಚೆಯವರು ದೂರು ಹೇಳಲೆಂದು ಪದೇಪದೇ ಬರುತ್ತಿದ್ದರು, ಬಂದಾಗಲೆಲ್ಲ ಕುಳಿತು ಚಹಾ ಕುಡಿಯುತ್ತಿದ್ದರು. ತಜ್ಞರು ಅಂಗಡಿಗೆ ಹೋಗಿ ಇನ್ನೊಂದು ಕಪ್ಪು ಕೊಂಡರು. ಸ್ವಲ್ಪ ದಿನದಲ್ಲಿ ಇನ್ನೂ ಒಂದು ಕುರ್ಚಿ ಬಂತು.

ನೆಲಮಹಡಿಯ ಸಂಗೀತದ ಟೀಚರ್ ಮಂಡಿನೋವಿನವರು. ಅವರು ಒಂದೊಂದು ಮಹಡಿಗೂ ನಿಂತು ಸುಧಾರಿಸಿಕೊಂಡು ಹತ್ತಿ ಬಂದ ದಿನ ತಜ್ಞರು ಗಡಿಬಿಡಿಯಿಂದ ಕುರ್ಚಿ ಎಳೆದು ಹಾಕಿದರು. ಟೀಚರ್ ಕೈಚೀಲದಿಂದ ಎರಡು ಕಾಲಿನ ಒಂದು ಉಕ್ಕಿನ ಕಡ್ಡಿ ತೆಗೆದರು. ಶ್ರುತಿ ಹಿಡಿಯುವ ಫೋರ್ಕ್ ಅದು, ಮಕ್ಕಳಿಗೆ ಪಾಠ ಹೇಳುವ ಕಾಲದಲ್ಲಿ ದಿನಾ ಬಳಸುತ್ತಿದ್ದದ್ದು, ಈಚೆಗೆ ಎಷ್ಟು ಬಡಿದರೂ ದನಿಯೇ ಹೊರಡುವುದಿಲ್ಲ ಎಂದರು. ಪಾಠಕ್ಕೆ ಬರುತ್ತಿದ್ದವರೂ ಒಬ್ಬೊಬ್ಬರಾಗಿ ನಿಂತುಹೋದರಂತೆ.

ಅದನ್ನು ಹೇಗೆ ಬಡಿಯಬೇಕೆಂದು ತಜ್ಞರು ಕೇಳಿದರು. ಟೀಚರ್ ಕೇಳಿಸದೆ ಏನೆಂದರು. ತಜ್ಞರು ಮತ್ತೆ ಜೋರಾಗಿ ಕೇಳಿದ ಮೇಲೆ ಟೀಚರ್ ಅದನ್ನು ಅಂಗೈಗೆ ಬಡಿದು ತೋರಿಸಿ ಅವರ ಕಿವಿಯ ಹತ್ತಿರ ಹಿಡಿದರು. ಜೇನುಹುಳವೊಂದು ಬಂಗಾರದ ಬಟ್ಟಲೊಳಗೆ ಸಿಕ್ಕಿಕೊಂಡಂಥ ತೆಳ್ಳನೆಯ ನಾದ ತಜ್ಞರ ತಲೆಯ ತುಂಬ ತುಂಬಿಕೊಂಡಿತು. ಎಷ್ಟೋ ಹೊತ್ತು ಅದು ನಿಲ್ಲಲೇ ಇಲ್ಲ.

"ನೋಡಿದ್ರಾ," ಎಂದರು ಟೀಚರ್. "ಸತ್ತುಹೋಗಿದೆ. ನಂಗೆ ಏನೇನೋ ಹೆದರಿಕೆ. ಕೆಟ್ಟಿರೋದು ಇದೇನಾ, ಇಲ್ಲಾ..."

ಅಲ್ಲಿಗೇ ನಿಲ್ಲಿಸಿದರು. ತಜ್ಞರು ಫೋರ್ಕನ್ನು ತಿರುಗಿಸಿ ಮುರುಗಿಸಿ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದರು, ಮೂಸಿಯೂ ನೋಡಿದರು. ತಜ್ಞನೆಂದರೆ ಇಷ್ಟಾದರೂ ಮಾಡಬೇಕು.

"ಇದು ಕೆಟ್ಟಿದೆ ಟೀಚರ್. ಹಳೇ ಉಕ್ಕು. ಸರಿಯಾಗೋದಿಲ್ಲ."

ಒಳ್ಳೆಯ ಸುದ್ದಿ ಕೇಳಿದ ಹಾಗೆ ಟೀಚರ್ ಮುಖ ಅರಳಿತು. ಸಾಮಾನು ಸರಿಯಾಗುವುದಿಲ್ಲವೆಂದು ಕೇಳಿ ಅಷ್ಟು ಸಂತೋಷಪಟ್ಟ ಗಿರಾಕಿಯನ್ನು ಯಾವ ಕಸುಬಿನವನೂ ಕಂಡಿರಲಾರ. ಅವರು ಫೋರ್ಕನ್ನು ಚೀಲಕ್ಕೆ ಹಾಕಿಕೊಂಡು, ಚಹಾ ಕುಡಿದು, ಮೆಟ್ಟಿಲಿಳಿಯುವಾಗ ಏನನ್ನೋ ಗುನುಗುತ್ತ ಹೋದರು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಎರಡನೇ ಮಹಡಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಇದ್ದರು. ತುಂಬ ಓದಿದವರು. ತುಂಬ ಓದಿದವರಿಗೆ ಫೋರ್ಕ್ ಎಂದರೆ ಚಮಚವಾಗಲಿ ಸೈಕಲ್ಲಾಗಲಿ ಹೊಳೆಯುವುದಿಲ್ಲ. ಒಂದು ದಾರಿ ಎರಡಾಗಿ ಒಡೆಯುವ ಕವಲಿಗೂ ಇಂಗ್ಲಿಷಿನಲ್ಲಿ ಅದೇ ಮಾತು ಇದೆಯೆಂದೂ, ಬಾಳಿನಲ್ಲಿ ಅಂಥ ಕವಲು ಬಂದಾಗ ದಾರಿ ತೋರಿಸುವವರೇ ಈ ತಜ್ಞರೆಂದೂ ಅವರು ಅರ್ಥ ಮಾಡಿಕೊಂಡಿದ್ದರು. ಒಂದು ಭಾನುವಾರ ಬಂದು ಹೊಸ ಕುರ್ಚಿಯಲ್ಲಿ ಕುಳಿತು, ದನಿ ತಗ್ಗಿಸಿ, ತಾನೊಂದು ಫೋರ್ಕಿನಲ್ಲಿ ನಿಂತಿದ್ದೇನೆ ಎಂದರು.

ತಜ್ಞರು ಅವರ ಕಾಲ ಕೆಳಗೆ ನೋಡಿದರು.

ಮೇಷ್ಟ್ರ ಕಷ್ಟ ಇದು. ದೂರದ ಊರಿನ ದೊಡ್ಡ ಶಾಲೆಯೊಂದು ಅವರನ್ನು ಕರೆದಿತ್ತು. ಇಲ್ಲಿಯ ಶಾಲೆಗೆ ರಾಜೀನಾಮೆ ಕೊಟ್ಟು, ಮನೆ ಖಾಲಿ ಮಾಡುವುದಾಗಿ ಮಾಲೀಕರಿಗೂ ಹೇಳಿ, ಹೆಂಡತಿ ಪಾತ್ರೆಪಗಡ ಕಟ್ಟಿದ ಮೇಲೆ ಈಗ ಹೋಗುವುದೋ ಬೇಡವೋ ಎಂಬ ಅನುಮಾನ ಹತ್ತಿತ್ತು. ಹೊಣೆ ಬಹಳ ಎತ್ತರಕ್ಕೆ ಹೊತ್ತುಕೊಂಡುಬಿಟ್ಟೆ, ಮುಂದೇನೂ ಕಾಣುತ್ತಿಲ್ಲ ಎಂದರು.

ಮೊದಲ ಸಲ ತಜ್ಞರಿಗೆ ತಮಗೆ ಗೊತ್ತಿರುವ ವಿಷಯ ಕೇಳಿಬಂತು.

"ಲೋಡ್ ಎತ್ತರ ಆಗಿ ಮುಂದೆ ಕಾಣಿಸದೇ ಹೋದ್ರೆ ರಿವರ್ಸೇ ಹೋಗ್ಬೇಕು ಸಾರ್. ತರಬೇತೀಲಿ ಮೊದಲು ಹೇಳಿಕೊಡೋದೇ ಅದು. ಮುಂದಕ್ಕೆ ಹೋದ್ರೆ ಯಾರಿಗಾದ್ರೂ ಗುದ್ದೋದು ಗ್ಯಾರಂಟಿ."

ಮೇಷ್ಟ್ರು ಎದ್ದು ತಜ್ಞರ ಎರಡೂ ಕೈ ಹಿಡಿದುಕೊಂಡರು. ಸೋಮವಾರ ಬೆಳಗ್ಗೆ ರಾಜೀನಾಮೆ ವಾಪಸಾಯಿತು, ಕಟ್ಟಿದ ಗಂಟುಗಳು ಬಿಚ್ಚಿಕೊಂಡವು, ಹೊಸ ಊರಿನ ಕನಸು ಕಾಣುತ್ತಿದ್ದ ಅವರ ಹೆಂಡತಿ ಪಾತ್ರೆಗಳನ್ನು ಮತ್ತೆ ಜೋಡಿಸಿದ ಸದ್ದು ಎದುರುಮನೆಯಾಕೆಗೆ ಮಾತ್ರವಲ್ಲ, ಇಡೀ ಬೀದಿಗೆ ಕೇಳಿಸಿತು. ಮನೆ ಖಾಲಿ ಮಾಡುವುದಿಲ್ಲವೆಂದು ಮೇಷ್ಟ್ರು ಮಾಲೀಕರಿಗೂ ತಿಳಿಸಿದರು.

ಮಾಲೀಕರು ಆ ಮನೆಯನ್ನು ಆಗಲೇ ತಮ್ಮ ಅಳಿಯನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದರು. ಅಳಿಯ ಮಾತು ಕೇಳಿಸಿಕೊಂಡು ಸುಮ್ಮನಾಗುವ ಪೈಕಿಯಲ್ಲ. ನಿಮ್ಮ ಅಪ್ಪನ ಮಾತಿಗೆ ಅವರ ಬಾಡಿಗೆದಾರರೇ ಬೆಲೆ ಕೊಡುವುದಿಲ್ಲ ಎಂದು ಹೆಂಡತಿಗೆ ಹೇಳಿದ. ಅವಳು ತಾಯಿಗೆ ಹೇಳಿದಳು. ತಾಯಿ ಮಾಲೀಕರಿಗೆ ಏನು ಹೇಳಿದರೋ ತಿಳಿಯದು, ಆದರೆ ಮಾಲೀಕರು ಊಟ ಬಿಟ್ಟು ಎದ್ದು ನೇರ ನಗರಸಭೆಯ ಕಚೇರಿಗೆ ಹೋಗಿ, ತಮ್ಮ ಕಟ್ಟಡದಲ್ಲಿ ಒಬ್ಬ ಮನುಷ್ಯ ಪರವಾನಗಿಯಿಲ್ಲದೆ ದಂಧೆ ನಡೆಸುತ್ತ ಬಾಡಿಗೆದಾರರ ಬುದ್ಧಿ ಕೆಡಿಸುತ್ತಿದ್ದಾನೆ ಎಂದು ದೂರು ಕೊಟ್ಟು ಬಂದರು.

ಇನ್ಸ್‌ಪೆಕ್ಟರ್ ಬಂದದ್ದು ಒಂದು ಸಂಜೆ. ಮೂರನೇ ಮಹಡಿಯ ಮೊಗಸಾಲೆಯಲ್ಲಿ ಕಟ್ಟಡವೇ ನೆರೆಯಿತು. ಎದುರುಮನೆಯಾಕೆ ತನ್ನ ಹೊಸಿಲ ಮೇಲೆ, ಅಂಚೆಯವರು ಮೆಟ್ಟಿಲ ಮೇಲೆ, ಮೇಷ್ಟ್ರು ಕಂಬಕ್ಕೊರಗಿ, ಮಾಲೀಕರು ಸೊಂಟದ ಮೇಲೆ ಕೈಯಿಟ್ಟು. ಟೀಚರ್ ಕೂಡ ಮಂಡಿ ನೀವಿಕೊಳ್ಳುತ್ತ ಹತ್ತಿ ಬಂದಿದ್ದರು. ತಜ್ಞರು ಒಳಗಿನಿಂದ ಎರಡೂ ಕುರ್ಚಿ ತಂದು, ಒಂದನ್ನು ಟೀಚರಿಗೂ ಇನ್ನೊಂದನ್ನು ಇನ್ಸ್‌ಪೆಕ್ಟರಿಗೂ ಹಾಕಿದರು. ಅವರ ಬಾಗಿಲಿಗೆ ಇಷ್ಟು ಜನ ಬಂದದ್ದು ಇದೇ ಮೊದಲು. ಚಹಾಕ್ಕೆ ಹಾಲು ಸಾಲುವುದೋ ಇಲ್ಲವೋ ಎಂಬ ಚಿಂತೆ ಅವರಿಗೆ ಪರವಾನಗಿಗಿಂತ ದೊಡ್ಡದಾಗಿತ್ತು.

ಇನ್ಸ್‌ಪೆಕ್ಟರ್ ಸಾವಧಾನದ ಮನುಷ್ಯ. ಬೋರ್ಡನ್ನು ಎರಡು ಸಲ ಓದಿ, ಇದು ಯಾವ ಫೋರ್ಕ್ ಎಂದು ವಿಚಾರಿಸಿದರು. ಊಟದ್ದು ಎಂದಳು ಎದುರುಮನೆಯಾಕೆ. ಹಾಗಾದರೆ ಇದು ಆರೋಗ್ಯ ವಿಭಾಗಕ್ಕೆ ಬರುತ್ತದೆ ಎಂದರು. ಸೈಕಲ್ಲಿನದು ಎಂದರು ಅಂಚೆಯವರು. ಹಾಗಾದರೆ ಸಾರಿಗೆ ವಿಭಾಗ. ಟೀಚರ್ ತಮ್ಮದು ಸಂಗೀತದ್ದೆಂದು ಚೀಲದಿಂದ ತೆಗೆದು ತೋರಿಸಿದರು. ಅದಕ್ಕೆ ಸಂಸ್ಕೃತಿ ವಿಭಾಗದವರೇ ಬರಬೇಕೆಂದರು. ಬದುಕಿನ ಫೋರ್ಕ್ ಎಂದು ಮೇಷ್ಟ್ರು ಗಂಭೀರವಾಗಿ ನುಡಿದಾಗ ಇನ್ಸ್‌ಪೆಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಅದಕ್ಕೆ ನಮ್ಮಲ್ಲಿ ವಿಭಾಗ ಇಲ್ಲ," ಎಂದು ತಜ್ಞರ ಕಡೆ ತಿರುಗಿದರು. "ನೀವೇ ಹೇಳಿಬಿಡಿ. ನೀವು ನಿಜವಾಗ್ಲೂ ಏನು?"

ತಜ್ಞರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲರೂ ಅವರ ಮಾತಿಗೆ ಕಾದಿದ್ದರು. ಅವರ ಮಾತಿಗೆ ಯಾರಾದರೂ ಕಾದದ್ದು ಅವರ ನೆನಪಿನಲ್ಲೇ ಇರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾಯಲಿ ಎನಿಸುವಷ್ಟು ಹಿತವಾಗಿತ್ತು.

"ನಾನು ಗೋಡೌನಲ್ಲಿ ಫೋರ್ಕ್‌ಲಿಫ್ಟ್ ಓಡಿಸೋನು ಸಾರ್," ಎಂದರು. "ಬೋರ್ಡಲ್ಲಿ ಲಿಫ್ಟ್ ಬಿಟ್ಟುಹೋಯ್ತು."

ಲಿಫ್ಟ್ ಎಂಬ ಮಾತಿಗೆ ಮಾಲೀಕರು ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಉಳಿದವರಿಗೆ ವಿಷಯ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನೆಂಟರ ಮುಂದೆ ಹೊಸ ಮಾದರಿಯೆಂದು ಇಟ್ಟ ಚಮಚ ಎದುರುಮನೆಯಾಕೆಯ ಕಣ್ಣ ಮುಂದೆ ಸುಳಿಯಿತೆಂದು ಮುಖವೇ ಹೇಳುತ್ತಿತ್ತು. ಅಂಚೆಯವರು ಎಡಗಡೆಗೆ ನೋಡಿದರು. ಮೇಷ್ಟ್ರು ಮಾತ್ರ ಹತ್ತಿರ ಬಂದು, ಹಾಗಾದರೆ ಅಂದು ರಿವರ್ಸ್ ಎಂದದ್ದು ಏನು ಎಂದು ಮೆಲ್ಲಗೆ ಕೇಳಿದರು. ಅದು ಗಾಡಿಯ ವಿಷಯ ಎಂದರು ತಜ್ಞರು. ಮೇಷ್ಟ್ರು ಹೋಗಿ ಅಂಚೆಯವರ ಪಕ್ಕ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಟೀಚರಿಗೆ ನಡೆದದ್ದು ಪೂರ್ತಿ ಕೇಳಿಸಿರಲಿಲ್ಲ. ಪಕ್ಕದಲ್ಲಿದ್ದ ಎದುರುಮನೆಯಾಕೆಯನ್ನು ಕೇಳಿದರು. ಆಕೆ ಬಗ್ಗಿ ಕಿವಿಯಲ್ಲಿ ಕೂಗಿ ಹೇಳಿದಳು. ಟೀಚರ್ ಕೈಯಲ್ಲಿದ್ದ ಫೋರ್ಕನ್ನು ನೋಡಿಕೊಂಡರು.

"ಹಾಗಾದ್ರೆ ಇದು ಕೆಟ್ಟಿದೆ ಅಂದ್ರಲ್ಲ, ಅದು?"

"ಅದು ಕೆಟ್ಟಿರೋದು ನಿಜ ಟೀಚರ್," ಎಂದರು ತಜ್ಞರು ಜೋರಾಗಿ.

ತಜ್ಞನಲ್ಲವೆಂದು ಈಗ ತಾನೇ ಒಪ್ಪಿಕೊಂಡವನ ಮಾತನ್ನು ಸರ್ಕಾರಿ ನೌಕರ ನಂಬುವಂತಿಲ್ಲ. ಇನ್ಸ್‌ಪೆಕ್ಟರ್ ಎದ್ದು, ಟೀಚರ ಕೈಯಿಂದ ಫೋರ್ಕ್ ಇಸಿದುಕೊಂಡು, ಮೆಟ್ಟಿಲ ಕಟಕಟೆಗೆ ಒಂದು ಏಟು ಬಡಿದು, ಎಲ್ಲರಿಗೂ ಕೇಳುವಂತೆ ಎತ್ತಿ ಹಿಡಿದರು.

ಆ ನಾದ ಮೊಗಸಾಲೆಯ ತುಂಬ ಹರಡಿ, ಮೆಟ್ಟಿಲ ಸುರುಳಿಯಲ್ಲಿ ಇಳಿದು, ನೆಲಮಹಡಿ ಮುಟ್ಟಿ ಮತ್ತೆ ಮೇಲೆ ಬಂತು. ಎಲ್ಲೋ ಒಳಮನೆಯಲ್ಲಿ ಅಳುತ್ತಿದ್ದ ಮಗು ಅಳು ನಿಲ್ಲಿಸಿತು. ಎಲ್ಲರೂ ಟೀಚರ ಮುಖ ನೋಡಿದರು. ಟೀಚರ್ ಎಲ್ಲರ ಮುಖ ನೋಡುತ್ತಿದ್ದರು, ಇನ್ನೂ ಬಡಿದಿಲ್ಲವೇನೋ ಎಂಬಂತೆ, ಕತ್ತು ಸ್ವಲ್ಪ ಮುಂದೆ ಚಾಚಿ.

ಮೊದಲು ಮಾತಾಡಿದವಳು ಎದುರುಮನೆಯಾಕೆ. ಕೇಳಿಸಿದ್ದನ್ನು ಹುಟ್ಟಿದಂದಿನಿಂದ ಒಮ್ಮೆಯೂ ಮುಚ್ಚಿಟ್ಟವಳಲ್ಲ ಅವಳು.

"ಏನೂ ಕೇಳಿಸ್ಲಿಲ್ವಲ್ಲ," ಎಂದಳು ಟೀಚರ ಕಿವಿಯ ಹತ್ತಿರ ಬಗ್ಗಿ.

ಅಂಚೆಯವರು ಇಲ್ಲವೆಂದು ತಲೆಯಾಡಿಸಿದರು. ಮೆಟ್ಟಿಲ ಮೇಲೆ ಕುಳಿತಿದ್ದ ಮೇಷ್ಟ್ರು, ತಲೆ ಎತ್ತದೆಯೇ, ಕೈಯಾಡಿಸಿದರು. ಮಾಲೀಕರು ಬಾಯಿ ತೆರೆದರು. ಅಂಚೆಯವರು ಅವರ ಕಾಲನ್ನು ತುಳಿದದ್ದರಿಂದ ಆ ಬಾಯಿಂದ ಹೊರಟ ಸದ್ದಿಗೆ ಯಾವ ಅರ್ಥವೂ ಇರಲಿಲ್ಲ. ಇನ್ನೂ ಝೇಂಕರಿಸುತ್ತಿದ್ದ ಫೋರ್ಕಿನ ಎರಡೂ ಕಾಲುಗಳನ್ನು ಇನ್ಸ್‌ಪೆಕ್ಟರ್ ಮುಷ್ಟಿಯಲ್ಲಿ ಬಿಗಿಹಿಡಿದು ಬಾಯಿ ಮುಚ್ಚಿಸಿದರು. ಅದನ್ನು ಟೀಚರಿಗೆ ಹಿಂತಿರುಗಿಸಿ, ಪೂರ್ತಿ ಕೆಟ್ಟಿದೆ, ಇವರು ಹೇಳಿದ್ದು ಸರಿ ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ತಜ್ಞರ ಕಡೆ ತಿರುಗಿ, ಆದರೂ ಬೋರ್ಡ್ ತೆಗೆಯಬೇಕು ಎಂದರು.

ತಜ್ಞರು ಬೋರ್ಡ್ ತೆಗೆದರು. ತೆಗೆದ ಮೇಲೆ ಅವರು ತಜ್ಞರಲ್ಲ, ಮತ್ತೆ ಮೂರನೇ ಮಹಡಿ ಕೊನೆ ಮನೆ. ಅವರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳಕ್ಕಾದರೂ ಬರುತ್ತಿದ್ದರು. ಎದುರುಮನೆಯಾಕೆ ಕಂಡಾಗ ನಗುತ್ತಿದ್ದಳು, ಆದರೆ ಉಳಿದ ಚಮಚವೆಲ್ಲ ನೆಟ್ಟಗಿದ್ದ ಮೇಲೆ ಅವಳಿಗೆ ಅಲ್ಲಿ ಕೆಲಸವೇನು? ಅಂಚೆಯವರಿಗೆ ಇಲಾಖೆಯಿಂದ ಹೊಸ ಸೈಕಲ್ಲು ಬಂತು. ಮೇಷ್ಟ್ರು ದೊಡ್ಡ ಶಾಲೆಗೆ ಮತ್ತೆ ಬರೆದು, ಮಾನ ಬಿಟ್ಟು ಬೇಡಿಕೊಂಡು, ಕೆಲಸ ಉಳಿಸಿಕೊಂಡು ಹೊರಟುಹೋದರು. ಅವರ ಮನೆಗೆ ಮಾಲೀಕರ ಅಳಿಯ ಬಂದ. ಇವರು ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು, ಇದೊಂದು ಸಲ ಹಾಲು ಉಕ್ಕಿದರೂ ಫೋನ್ ಇಡಲಿಲ್ಲ. ಆದರೆ ಅಂಥ ಸುದ್ದಿ ದಿನವೂ ಎಲ್ಲಿಂದ ತರುವುದು. ಮುಂದಿನ ಸಲ ಫೋನ್ ಮಾಡಿದಾಗ ಹೇಳುವುದಕ್ಕೆ ಏನೂ ಇರಲಿಲ್ಲ. ಗೋಡೌನಿನಿಂದ ಬಂದು ಅವರು ಒಂದು ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಿದ್ದರು, ಸ್ವಲ್ಪ ಹೊತ್ತಾದ ಮೇಲೆ ಎದ್ದು ಇನ್ನೊಂದರಲ್ಲಿ ಕುಳಿತುಕೊಳ್ಳುತ್ತಿದ್ದರು.

ಒಂದು ರಜಾದಿನ ಮಧ್ಯಾಹ್ನ ಅವರು ಕ್ರಾಪು ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ನೆಲಮಹಡಿಗೆ ಇಳಿದು ಟೀಚರ ಬಾಗಿಲು ತಟ್ಟಿದರು. ಉತ್ತರವಿಲ್ಲ. ಜೋರಾಗಿ ತಟ್ಟಿದರು. ಉತ್ತರವಿಲ್ಲ. ಕಿವಿ ಕೇಳದವರ ಬಾಗಿಲನ್ನು ಕೈಯಿಂದ ತಟ್ಟುವುದು ಮೂಢತನವೆಂದು ಹೊಳೆಯುವ ಹೊತ್ತಿಗೆ ಕಟ್ಟಡದ ಉಳಿದೆಲ್ಲ ಬಾಗಿಲುಗಳೂ ತೆರೆದಿದ್ದವು. ಮಾಲೀಕರ ಅಳಿಯ ಎರಡನೇ ಮಹಡಿಯಿಂದ ಇಣುಕಿ, ಏನಾದರೂ ಬೆಂಕಿಗಿಂಕಿ ಬಿದ್ದಿದೆಯೇ ಎಂದು ಕೇಳಿದ. ಎದುರುಮನೆಯಾಕೆ ಮೇಲಿನಿಂದಲೇ, ಹಿಂದುಗಡೆ ಹೋಗಿ ಅಡುಗೆಮನೆ ಕಿಟಕಿಗೆ ಕಾಣಿಸುವ ಹಾಗೆ ನಿಂತುಕೊಳ್ಳಿ ಎಂದು ಸಲಹೆ ಕೊಟ್ಟಳು. ಅವರು ಹಾಗೆಯೇ ಹೋಗಿ ನಿಂತರು. ಪಾತ್ರೆ ತೊಳೆಯುತ್ತಿದ್ದ ಟೀಚರ್ ಬಹಳ ಹೊತ್ತಿನ ಮೇಲೆ ತಲೆ ಎತ್ತಿ, ಕಿಟಕಿಯಲ್ಲೊಂದು ಬಾಚಿದ ತಲೆ ಕಂಡು ಬೆಚ್ಚಿ, ಗುರುತು ಹಿಡಿದು, ಬಾಗಿಲು ತೆಗೆದರು.

ಏನು ಕೆಲಸವಿತ್ತು ಎಂದು ಟೀಚರ್ ಕೇಳಿದರು. ಇವರು ಮೆಟ್ಟಿಲಿಳಿಯುವಾಗ ಹತ್ತಾರು ಕಾರಣ ಯೋಚಿಸಿಕೊಂಡು ಬಂದಿದ್ದರು, ಒಂದೂ ನಾಲಿಗೆಗೆ ಬರಲಿಲ್ಲ.

"ಏನಿಲ್ಲ, ಸುಮ್ನೆ ಬಂದೆ," ಎಂದರು.

"ಏನು?"

"ಸುಮ್ನೆ ಬಂದೆ," ಎಂದು ಕೂಗಿದರು. ಮೂರು ಮಹಡಿಗೂ ಕೇಳಿಸಿತು.

ಟೀಚರ್ ಪಕ್ಕಕ್ಕೆ ಸರಿದು ಒಳಗೆ ಬಿಟ್ಟರು. ಮೂಲೆಯಲ್ಲಿ ಹೊದಿಕೆ ಹೊದ್ದ ಹಾರ್ಮೋನಿಯಂ ಇತ್ತು, ಗೋಡೆಗೆ ಒರಗಿಸಿಟ್ಟ ಚಾಪೆಗಳಿದ್ದವು, ಪಾಠಕ್ಕೆ ಬರುತ್ತಿದ್ದವರು ಕೂರುತ್ತಿದ್ದಂಥವು. ಟೀಚರ್ ಒಂದನ್ನು ಹಾಸಿ, ಚಹಾ ಮಾಡಿ ತಂದರು. ಇಬ್ಬರೂ ಕುಡಿದರು. ಕುಡಿದಾದ ಮೇಲೆ ಮಾತಿಗೆ ಏನೂ ಇರಲಿಲ್ಲ. ಅವರು ಕಿಟಕಿ ನೋಡಿದರು, ಇವರು ಕಪ್ಪು ನೋಡಿದರು.

"ಮತ್ತೇನು ಸಮಾಚಾರ?" ಎಂದರು ಟೀಚರ್.

"ನೀವೇ ಹೇಳ್ಬೇಕು," ಎಂದು ಇವರು ಕೂಗಿದರು.

ಟೀಚರ್ ಯೋಚಿಸಿದರು. ಹೇಳುವಂಥದ್ದೇನೂ ಸಿಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಮತ್ತೇನು ಸಮಾಚಾರ ಎಂದರು. ನೀವೇ ಹೇಳ್ಬೇಕು ಎಂದರು ಇವರು.

ಎದುರುಮನೆಯಾಕೆ ಮೂರನೇ ಮಹಡಿಯ ಕಟಕಟೆಗೆ ಒರಗಿ ಸಂಜೆಯವರೆಗೂ ಕಿವಿಗೊಟ್ಟಿದ್ದಳು. ಆಮೇಲೆ ಗಂಡನಿಗೆ ವರದಿ ಒಪ್ಪಿಸಿದಳು. ಒಂದೇ ಒಂದು ಸಮಾಚಾರವೂ ಇಲ್ಲವಂತೆ, ಅಷ್ಟೂ ಹೊತ್ತು ಅದನ್ನೇ ಒಬ್ಬರನ್ನೊಬ್ಬರು ಕೇಳಿಕೊಂಡರಂತೆ. ಮತ್ತೆ ಇನ್ನೂ ಯಾಕೆ ಎದ್ದು ಬಂದಿಲ್ಲ ಎಂದು ಗಂಡ ಕೇಳಿದ.

"ಬಂದಿಲ್ಲ," ಎಂದಳು ಅವಳು. "ಈಗ ದೀಪ ಹಾಕಿದ್ರು."